ಈ ನಂಬರ್ ಯಾರು ಹೇಳಿದ್ದು?

ಡಿಗ್ರಿ ಮುಗಿಸಿ ಹನ್ನೊಂದು ವರ್ಷ ಆದಮೇಲೆ ಮತ್ತೆ ಓದಲು ಕೂತವಳು ನಾನು. ಹಗಲು ಶಿರಸಿಯಲ್ಲಿ ಲೆಕ್ಕಪತ್ರದ ಕೆಲಸ, ರಾತ್ರಿ ಆನ್‌ಲೈನ್ ಕ್ಲಾಸು. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್‌ನಲ್ಲಿ ಸ್ನಾತಕೋತ್ತರ ಪದವಿ. ಕೊನೆಯ ಸೆಮಿಸ್ಟರ್‌ನಲ್ಲಿ ತಂಡ ಕಟ್ಟಿಕೊಂಡು ಒಂದು ದೊಡ್ಡ ಪ್ರಾಜೆಕ್ಟ್ ಮಾಡಬೇಕು. ಅದಕ್ಕೆ ಕ್ಯಾಪ್‌ಸ್ಟೋನ್ ಅನ್ನುತ್ತಾರೆ. ಐದು ಜನ, 16 ವಾರ, ನಿಜವಾದ ಒಬ್ಬ ಗಿರಾಕಿ. ಅಷ್ಟರವರೆಗೆ ಬಾಯಿಪಾಠ ಮಾಡಿ ಪಾಸಾದದ್ದನ್ನೆಲ್ಲ ಒಂದೇ ಕೆಲಸದಲ್ಲಿ ಬಳಸಿ ತೋರಿಸಬೇಕು.

ನಮ್ಮ ತಂಡದಲ್ಲಿ ಕಾರವಾರದ ಒಬ್ಬರು ಸಿವಿಲ್ ಇಂಜಿನಿಯರ್ ಇದ್ದರು. ಎಲ್ಲರಿಗಿಂತ ಹಿರಿಯರು, ಹಾಗಾಗಿ ‘ಸರ್’. ಕುಮಟೆಯ ಕಾಲೇಜಿನಲ್ಲಿ ಪಾಠ ಮಾಡುವ ಒಬ್ಬರು ಮೇಡಂ. ಹುಬ್ಬಳ್ಳಿಯಲ್ಲಿ ಔಷಧಿ ವಿತರಣೆ ನೋಡಿಕೊಳ್ಳುವ ಒಬ್ಬ, ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ ಒಬ್ಬ, ಮತ್ತೆ ನಾನು. ಐದೂ ಜನ ಒಂದೇ ಕೋಣೆಯಲ್ಲಿ ಕೂತದ್ದು ಇಡೀ ಪ್ರಾಜೆಕ್ಟ್‌ನಲ್ಲಿ ಎರಡೇ ಸಲ.

ಗಿರಾಕಿಯನ್ನು ಹುಡುಕಿದ್ದು ನಾನು. ಶಿರಸಿ–ಕುಮಟೆ ದಾರಿಯ ದೇವಿಮನೆ ಘಟ್ಟದ ಮೇಲಿನ ಒಂದು ಊರಿನಲ್ಲಿ ಹದಿಮೂರು ಹೆಂಗಸರ ಸ್ವಸಹಾಯ ಸಂಘ. ಪ್ರತಿ ಬೇಸಿಗೆ ಮುರುಗಲು (ಕೋಕಂ) ಹಣ್ಣು ಒಡೆದು, ಸಿಪ್ಪೆ ಒಣಗಿಸಿ ಮಾರುತ್ತಾರೆ. ಒಂದು ಸಣ್ಣ ಘಟಕ ಮಾಡಬೇಕು, ಒಣಸಿಪ್ಪೆಯ ಜೊತೆ ಶರಬತ್ತನ್ನೂ ಬಾಟಲಿಗೆ ತುಂಬಿ ಮಾರಬೇಕು ಅಂತ ಅವರಿಗೆ ಆಸೆ. ಆ ಘಟಕದ ಪೂರ್ತಿ ಪ್ಲಾನ್ ಮಾಡಿ, ಒಂದು ಟ್ರಯಲ್ ನಡೆಸಿ ಕೊಡುವುದು ನಮ್ಮ ಪ್ರಾಜೆಕ್ಟ್.

2024ರ ಜನವರಿ ಎರಡನೇ ವಾರ ಶುರು ಮಾಡಿದೆವು. ಮೊದಲ ನಾಲ್ಕು ವಾರ ಬಹಳ ಖುಷಿಯಾಗಿದ್ದೆವು. ಯಾಕೆಂದರೆ ಯಾರೂ ಊರಿಗೆ ಹೋಗಿರಲಿಲ್ಲ! ಏನು ಮಾಡುತ್ತೇವೆ, ಯಾಕೆ, ಯಾರು ಅಂತ ಹೇಳುವ ಪ್ರಾಜೆಕ್ಟ್ ಚಾರ್ಟರ್ ಬರೆದೆವು. ಕೆಲಸವನ್ನು ಒಡೆದು ಒಡೆದು 74 ಸಣ್ಣ ಕೆಲಸ ಮಾಡಿದೆವು. ಒಂದೊಂದಕ್ಕೂ ದಿನ, ದುಡ್ಡು, ಜವಾಬ್ದಾರಿ. ಯಾವ ಕೆಲಸ ಯಾವಾಗ ಅಂತ ಗೆರೆ ಎಳೆದು ತೋರಿಸುವ ಗ್ಯಾಂಟ್ ಚಾರ್ಟ್ ನೋಡಿದರೆ ಮದುವೆಮನೆ ರಂಗೋಲಿ.

ಮೊದಲ ರಿವ್ಯೂನಲ್ಲಿ ನಮ್ಮ ಗೈಡ್ ಆ ಚಾರ್ಟನ್ನು ತುಂಬ ಹೊತ್ತು ನೋಡಿದರು. ‘ಹಣ್ಣು ಒಡೆಯುವುದು, ಒಬ್ಬರು ದಿನಕ್ಕೆ ಎಂಟು ಗಂಟೆ’ ಎಂಬ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು, “ಈ ನಂಬರ್ ಯಾರು ಹೇಳಿದ್ದು?”

ಯಾರೂ ಮಾತಾಡಲಿಲ್ಲ. ಎಂಟು ಗಂಟೆ ಅಂತ ಬರೆದವಳು ನಾನೇ. ಆಫೀಸು ಎಂಟು ಗಂಟೆ, ಹಾಗಾಗಿ ಹಣ್ಣು ಒಡೆಯುವುದೂ ಎಂಟು ಗಂಟೆ. ಅಷ್ಟೇ ತರ್ಕ.

ಆ ಭಾನುವಾರ ನಾನು, ಕುಮಟೆಯ ಮೇಡಂ ಇಬ್ಬರೂ ಊರಿಗೆ ಹೋದೆವು. ಸಂಘದ ಅಧ್ಯಕ್ಷೆಯನ್ನು ಎಲ್ಲರೂ ಅಕ್ಕ ಅನ್ನುತ್ತಾರೆ, ನಾವೂ ಹಾಗೇ ಅಂದೆವು. ಎಂಟು ಗಂಟೆ ಅಂದದ್ದಕ್ಕೆ ಅಕ್ಕ ಎರಡೂ ಕೈ ಮುಂದೆ ಚಾಚಿದರು. “ಮುರುಗಲು ಹುಳಿ ಅಲ್ದಾ ತಂಗೀ. ಎರಡು ತಾಸು ಒಡೆದರೆ ಉಗುರಿನ ಸಂದಿ ಉರಿಯುತ್ತದೆ. ಮೂರು ತಾಸಾದ ಮೇಲೆ ಹಸುವಿನ ಹಾಲು ಕರೆಯಲಿಕ್ಕೂ ಆಗುವುದಿಲ್ಲ.” ಅಂದರೆ ಒಬ್ಬರಿಗೆ ದಿನಕ್ಕೆ ಮೂರು ಗಂಟೆ, ಅದೂ ಮಧ್ಯಾಹ್ನದ ಊಟ ಮುಗಿದ ಮೇಲೆ. ನಮ್ಮ ಪ್ಲಾನ್‌ನಲ್ಲಿ ನಾಲ್ಕು ಜನ ಮಾಡುತ್ತಿದ್ದ ಕೆಲಸಕ್ಕೆ ಈಗ ಹನ್ನೊಂದು ಜನ ಬೇಕು. ಇರುವವರೇ ಹದಿಮೂರು.

ಒಣಗಿಸುವ ದಿನದ ಲೆಕ್ಕ ಇನ್ನೂ ಮಜಾ. ನಾವು ಮೂರು ಅಂದಾಜಿನ ಸೂತ್ರ ಹಾಕಿದ್ದೆವು. ಎಲ್ಲ ಸರಿಯಾದರೆ 3 ದಿನ, ಸಾಮಾನ್ಯವಾಗಿ 5 ದಿನ, ಕೆಟ್ಟರೆ 11 ದಿನ. ನಡುವಿನದ್ದನ್ನು ನಾಲ್ಕರಿಂದ ಗುಣಿಸಿ, ಮೂರನ್ನೂ ಕೂಡಿಸಿ, ಆರರಿಂದ ಭಾಗಿಸಬೇಕು. ಬಂದದ್ದು 5.7 ದಿನ. ಈ ಲೆಕ್ಕ ಪರ್ಟ್ ವಿಧಾನದ್ದು, 1958ರಲ್ಲಿ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿ ಯೋಜನೆಗೆ ರೂಪಿಸಿಕೊಂಡಿದ್ದು. ನಾವು ಅದನ್ನು ಮುರುಗಲು ಸಿಪ್ಪೆಗೆ ಹಚ್ಚಿದ್ದೆವು.

ಅಕ್ಕನಿಗೆ ಸೂತ್ರ ಹೇಳಲಿಲ್ಲ, ಉತ್ತರ ಮಾತ್ರ ಹೇಳಿದೆ. ಅವರು ನಕ್ಕರು. “ಐದೂವರೆ ದಿನಕ್ಕೆ ಯಾವತ್ತೂ ಒಣಗುವುದಿಲ್ಲ. ಬಿಸಿಲಿದ್ದರೆ ನಾಲ್ಕು ದಿನ. ನಡುವೆ ಮಳೆ ಬಂದರೆ ಬೂಸು ಹಿಡಿಯುತ್ತದೆ, ಎಸೆಯುವುದೇ.” ಸರಾಸರಿ ಎಂಬ ದಿನ ಅಲ್ಲಿ ಇರಲೇ ಇಲ್ಲ. ಒಂದೋ ನಾಲ್ಕು ದಿನ, ಇಲ್ಲವೋ ಮಾಲು ಪೂರ್ತಿ ನಷ್ಟ. ಮಳೆಯನ್ನು ‘ತಡ’ ಎಂಬ ಖಾನೆಯಿಂದ ತೆಗೆದು ‘ನಷ್ಟ’ ಎಂಬ ಖಾನೆಗೆ ಹಾಕಿದ ಮೇಲೆ ಇಡೀ ಪ್ಲಾನ್ ಬದಲಾಯಿತು. ಹಣ್ಣು ಬಲಿಯುವುದು ಏಪ್ರಿಲ್–ಮೇ ತಿಂಗಳಲ್ಲಿ. ಮೇ ತಿಂಗಳಲ್ಲಿ ಸಂಜೆ ಗುಡುಗು ಮಳೆ ಯಾವತ್ತು ಬರುತ್ತದೆ ಅಂತ ಹೇಳಲಾಗುವುದಿಲ್ಲ. ಹಾಗಾದರೆ ಡ್ರೈಯರ್ ಬೇಕೇ ಬೇಕು ಅಂತ ನಾವು ತೀರ್ಮಾನ ಮಾಡಿದೆವು. ತಪ್ಪಾಗಿದ್ದೂ ಅಲ್ಲೇ.

ವಿದ್ಯುತ್ ಡ್ರೈಯರ್‌ಗೆ ಕೊಟೇಶನ್ ತರುವುದು ನನ್ನ ಕೆಲಸ. ಬಜೆಟ್ ಹುಬ್ಬಳ್ಳಿಯವನದ್ದು. ಎಷ್ಟು ದುಡ್ಡಿನೊಳಗಿನ ಯಂತ್ರ ನೋಡಲಿ ಅಂತ ಅವನು ಹೇಳಿದ ಮೇಲೆ ಕೇಳೋಣ ಅಂತ ನಾನು ಕಾದೆ. ಕೊಟೇಶನ್ ಬಂದ ಮೇಲೆ ಬಜೆಟ್ ಮಾಡೋಣ ಅಂತ ಅವನು ಕಾದ. ಒಂದು ವಾರ, ಎರಡು ವಾರ, ಮೂರು ವಾರ. ಪ್ರತಿ ಮೀಟಿಂಗ್‌ನಲ್ಲೂ ಇಬ್ಬರೂ “ನಡೀತಾ ಇದೆ” ಅನ್ನುತ್ತಿದ್ದೆವು. ಒಳಗೊಳಗೆ ಅವನು ಸೋಮಾರಿ ಅಂತ ನನಗೆ, ನಾನು ಸೋಮಾರಿ ಅಂತ ಅವನಿಗೆ.

ತಮಾಷೆ ಏನು ಗೊತ್ತಾ? ಇದನ್ನು ಶೆಡ್ಯೂಲ್ ಮಾಡುವ ಸಾಫ್ಟ್‌ವೇರ್ ನಮಗೆ ಮೊದಲೇ ಹೇಳಿತ್ತು. ಎರಡು ಕೆಲಸ ಒಂದಕ್ಕೊಂದು ಕಾಯುತ್ತಿವೆ, ಇದು ಸುತ್ತು ಅಂತ ಎಚ್ಚರಿಕೆ ತೋರಿಸಿತ್ತು. ಬೆಂಗಳೂರಿನ ಹುಡುಗ ಅದು ಹೋಗಲಿ ಅಂತ ಒಂದು ಗೆರೆ ಅಳಿಸಿಬಿಟ್ಟಿದ್ದ. ಚಾರ್ಟ್‌ನಲ್ಲಿ ಸುತ್ತು ಬಿಚ್ಚಿತು, ನಮ್ಮಿಬ್ಬರ ನಡುವೆ ಹಾಗೇ ಉಳಿಯಿತು. ಒಂದು ರಾತ್ರಿ ಜಗಳ ಜೋರಾದಾಗ ಕಾರವಾರದ ಸರ್ ಹಳೆಯ ಫೈಲ್ ತೆಗೆದು ತೋರಿಸಿದರು. ಇಬ್ಬರಿಗೂ ನಾಚಿಕೆಯಾಯಿತು. ಅವತ್ತಿಂದ ಒಂದು ನಿಯಮ ಮಾಡಿಕೊಂಡೆವು. “ನಡೀತಾ ಇದೆ” ಅನ್ನುವ ಹಾಗಿಲ್ಲ, “ಇಂಥವರಿಂದ ಇಂಥದ್ದು ಬರಬೇಕು” ಅಂತ ಹೆಸರು ಹಿಡಿದು ಹೇಳಬೇಕು. ಬುಧವಾರ ರಾತ್ರಿ ಒಂಬತ್ತಕ್ಕೆ, ಹದಿನೈದೇ ನಿಮಿಷ.

ಎಂಟನೇ ವಾರ ನಮ್ಮ ಲೆಕ್ಕ ನಾವೇ ಮಾಡಿ ನೋಡಿದೆವು. ಐದು ಜನ, ವಾರಕ್ಕೆ ಆರು ಗಂಟೆ, 16 ವಾರ, ಒಟ್ಟು 480 ಗಂಟೆ. ಅರ್ಧ ದಾರಿಗೆ 240 ಗಂಟೆಯ ಕೆಲಸ ಮುಗಿದಿರಬೇಕಿತ್ತು. ಮುಗಿದದ್ದು 168 ಗಂಟೆಯಷ್ಟು, ಅದಕ್ಕೆ ನಾವು ಸುರಿದದ್ದು 210 ಗಂಟೆ. 168ನ್ನು 240ರಿಂದ ಭಾಗಿಸಿದರೆ 0.7, ವೇಗ ಸಾಲದು. 210ರಿಂದ ಭಾಗಿಸಿದರೆ 0.8, ಒಂದು ಗಂಟೆ ಕೂತರೆ 48 ನಿಮಿಷದ ಕೆಲಸ. ಇದೇ ಚಾಳಿ ಮುಂದುವರಿದರೆ ಒಟ್ಟು 600 ಗಂಟೆ ಬೇಕು. ಈ ಲೆಕ್ಕಕ್ಕೆ ಅರ್ನ್ಡ್ ವ್ಯಾಲ್ಯೂ ಅನ್ನುತ್ತಾರೆ. ಆ ಪಾಠ ನನಗೆ ಪರೀಕ್ಷೆಯಲ್ಲಿ ಅರ್ಥ ಆಗಿರಲಿಲ್ಲ, ಅವತ್ತು ಆಯಿತು. ಬಾಟಲಿ ಕೆಲಸವನ್ನು ಉಳಿಸಿಕೊಂಡು, ಬೀಜದಿಂದ ಮುರುಗಲು ತುಪ್ಪ ತೆಗೆಯುವ ಭಾಗವನ್ನು ಕೈಬಿಟ್ಟೆವು. ಗೈಡ್ ಒಪ್ಪಿದರು, ಆದರೆ ಬಿಟ್ಟ ಕಾರಣವನ್ನು ಬರೆದಿಡಿ ಅಂದರು.

ಬಜೆಟ್‌ನಲ್ಲೂ ಒಂದು ಎಡವಟ್ಟಾಗಿತ್ತು. ನಾನು ಮುರುಗಲು ಅಂತ ಬರೆಯುತ್ತಿದ್ದೆ, ಕಾರವಾರದ ಸರ್ ಭಿರಂಡ ಅಂತ. ಎರಡೂ ಬೇರೆ ಬೇರೆ ಹಣ್ಣು ಅಂದುಕೊಂಡು ಬೆಂಗಳೂರಿನ ಹುಡುಗ ಕಚ್ಚಾಮಾಲಿಗೆ ಎರಡು ಸಲ ದುಡ್ಡು ಇಟ್ಟಿದ್ದ. ಅವನಿಗೆ ಗೊತ್ತಿದ್ದದ್ದು ಕೋಕಂ ಒಂದೇ!

ಒಂಬತ್ತನೇ ವಾರ ಐದೂ ಜನ ಊರಿಗೆ ಹೋದೆವು. ಘಟ್ಟದಲ್ಲಿ ರಸ್ತೆ ಕೆಲಸ ನಡೆಯುತ್ತಿತ್ತು, ಕುಮಟೆ ಕಡೆಯಿಂದ ಬಂದವರು ಧೂಳು ಹೊದ್ದುಕೊಂಡೇ ಇಳಿದರು. ನಾನು ಡ್ರೈಯರ್‌ನ ಕೊಟೇಶನ್ ಬಿಚ್ಚಿದೆ. ತ್ರೀ ಫೇಸ್ ಕರೆಂಟ್ ಬೇಕು, ಯಂತ್ರಕ್ಕೆ ನಾಲ್ಕು ಲಕ್ಷದ ಹತ್ತಿರ. ಅಕ್ಕ ಎಲ್ಲ ಕೇಳಿಸಿಕೊಂಡು, ಕೊನೆಗೆ ಅನುಮಾನದಲ್ಲೇ ಕೇಳಿದರು. “ನಮ್ಮ ಮೈದುನನ ಅಡಿಕೆ ಪಾಲಿಹೌಸ್ ಆಗುವುದಿಲ್ಲವಾ? ಚಾಲಿ ಅಡಿಕೆ ಎಲ್ಲ ಒಣಗಿ ಚೀಲ ಸೇರಿದ ಮೇಲೆ ಅದು ಖಾಲಿಯೇ.”

ಮನೆಯ ಹಿಂದೆಯೇ ಇತ್ತು. ಪ್ಲಾಸ್ಟಿಕ್ ಮಾಡು, ಒಳಗೆ ಕಾಲಿಟ್ಟರೆ ಮೈ ಬೆವರುವ ಬಿಸಿ, ಮಳೆಯ ಹನಿ ಒಳಗೆ ಬೀಳುವುದಿಲ್ಲ. ನಮ್ಮ ಸುತ್ತಮುತ್ತ ಅಂಥವು ಎಷ್ಟೋ ಇವೆ, ನಾನು ದಿನಾ ನೋಡುತ್ತೇನೆ. ಮೂರು ವಾರ ಜಗಳ ಆಡಿದ ಯಂತ್ರ ಬೇಕಾಗಿಯೇ ಇರಲಿಲ್ಲ. ಮೊದಲ ಭೇಟಿಯಲ್ಲೇ ಯಾಕೆ ಹೇಳಲಿಲ್ಲ ಅಂದರೆ, “ನೀವು ಓದಿದವರು, ಮಷೀನೇ ಬೇಕು ಅಂದ್ರಿ. ನಾವು ಎಂತ ಹೇಳುವುದು?” ಅಂದರು.

ಅಡಿಕೆ ಸಿಪ್ಪೆಯ ಧೂಳು ಹೋಗುವಂತೆ ಒಳಗೆಲ್ಲ ತೊಳೆಯಬೇಕು, ತಿನ್ನುವ ಮಾಲಿಗೆ ಬೇರೆ ಟ್ರೇ ಬೇಕು. ಅದನ್ನು ಬಜೆಟ್‌ಗೆ ಸೇರಿಸಿದೆವು. ಮೈದುನ ಬಾಡಿಗೆ ಬೇಡ ಅಂದರು, ಹತ್ತು ಬಾಟಲಿ ಶರಬತ್ತು ಸಾಕಂತೆ. ಅದನ್ನೂ ಖರ್ಚಿನಲ್ಲಿ ಬರೆದೆವು.

ಇನ್ನು ರಿಸ್ಕ್ ಪಟ್ಟಿಯ ಕಥೆ. ಎಲ್ಲಿಂದಲೋ ತಂದ ಮಾದರಿ ಇಟ್ಟುಕೊಂಡು 22 ಅಪಾಯ ಬರೆದಿದ್ದೆವು. ಸರ್ವರ್ ಕೈಕೊಡುವುದು ಇತ್ತು, ಭೂಕಂಪವೂ ಇತ್ತು. ಮಾರ್ಚ್‌ನ ಶಿರಸಿ ಮಾರಿಕಾಂಬಾ ಜಾತ್ರೆ ಮಾತ್ರ ಪಟ್ಟಿಯಲ್ಲಿ ಇರಲಿಲ್ಲ! ಎರಡು ವರ್ಷಕ್ಕೊಮ್ಮೆ, ಒಂಬತ್ತು ದಿನ. ಆ ದಿನಗಳಲ್ಲಿ ಪ್ಲಂಬರ್ ಸಿಗುವುದಿಲ್ಲ, ಬಡಗಿ ಸಿಗುವುದಿಲ್ಲ, ನಾನೂ ಸಿಗುವುದಿಲ್ಲ. ಶಿರಸಿಯಲ್ಲೇ ಹುಟ್ಟಿ ಬೆಳೆದವಳು ನಾನು, ಜಾತ್ರೆ ಮರೆತು ಭೂಕಂಪ ಬರೆದಿದ್ದೆ. ಅದರ ಜೊತೆಗೇ ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆ ಘೋಷಣೆಯಾಯಿತು. ಸಣ್ಣ ಆಹಾರ ಘಟಕಗಳಿಗೆ ಕೇಂದ್ರದ ಯೋಜನೆಯಲ್ಲಿ ಆಗ ಶೇಕಡಾ 35ರಷ್ಟು ಸಬ್ಸಿಡಿ ಸಿಗುತ್ತಿತ್ತು, ಸಂಘಕ್ಕೆ ಅದನ್ನು ಕೊಡಿಸುವುದು ನಮ್ಮ ಪ್ಲಾನ್‌ನಲ್ಲಿತ್ತು. ಕಚೇರಿಗೆ ಹೋದರೆ “ಚುನಾವಣೆ ಮುಗಿಯಲಿ, ನೋಡುವಾ” ಅಂದರು. ನಮ್ಮ ಜಿಲ್ಲೆಯಲ್ಲಿ ಮತದಾನ ಮೇ 7ಕ್ಕೆ. ನಮ್ಮ 16 ವಾರ ಮುಗಿಯುವುದು ಏಪ್ರಿಲ್ ಕೊನೆಗೆ. ಸಬ್ಸಿಡಿ ಇಲ್ಲದೇ ನಡೆಯುವ ಹಾಗೆ ಬಜೆಟ್ ಮತ್ತೆ ಬರೆದೆವು. ಡ್ರೈಯರ್ ಹೋದದ್ದರಿಂದ ಅದು ಸಾಧ್ಯವಾಯಿತು ಅನ್ನಿ. ಆಹಾರ ಸುರಕ್ಷತೆಯ ನೋಂದಣಿ ಮಾತ್ರ ಸಲೀಸಾಗಿ ಆಯಿತು. ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಆಗ ಬರೀ ನೋಂದಣಿ ಸಾಕಿತ್ತು, ಶುಲ್ಕ ವರ್ಷಕ್ಕೆ 100 ರೂಪಾಯಿ.

ಟ್ರಯಲ್ ನಡೆದದ್ದು ಏಪ್ರಿಲ್ ಮೂರನೇ ವಾರ. ಹಣ್ಣು ಇನ್ನೂ ಪೂರ್ತಿ ಬಂದಿರಲಿಲ್ಲ. ದೋಟಿ ಹಿಡಿದು ಬೆಟ್ಟವೆಲ್ಲ ಸುತ್ತಿ 46 ಕೆಜಿ ಸಿಕ್ಕಿತು. ಹೆಚ್ಚುಕಡಿಮೆ ಅರ್ಧ ತೂಕ ಸಿಪ್ಪೆ. ಸ್ವಲ್ಪವನ್ನು ಸಕ್ಕರೆಯ ಜೊತೆ ಪದರ ಪದರವಾಗಿ ಭರಣಿಗೆ ಹಾಕಿದರು, ಉಳಿದದ್ದನ್ನು ಪಾಲಿಹೌಸ್‌ನಲ್ಲಿ ಹರಡಿದರು. ಗಡಿಯಾರ ಹಿಡಿದು ನಾನು ಪಕ್ಕದಲ್ಲಿ ಕೂತೆ. ಎರಡು ಗಂಟೆ ಐವತ್ತು ನಿಮಿಷಕ್ಕೆ ಮೊದಲನೆಯವರು ಕೈ ತೊಳೆಯಲು ಎದ್ದರು. ಮೂರನೇ ದಿನ ಸಂಜೆ ಒಂದು ಮಳೆ ಹೊಡೆಯಿತು, ಸಿಪ್ಪೆಗೆ ಏನೂ ಆಗಲಿಲ್ಲ. ಐದನೇ ದಿನ ಒಣಗಿತು. ಶರಬತ್ತಿನ ಸಿಹಿ ಅಳೆಯಲು ಕುಮಟೆಯ ಮೇಡಂ ತಮ್ಮ ಕಾಲೇಜಿನ ಬ್ರಿಕ್ಸ್ ಮೀಟರ್ ತಂದಿದ್ದರು. ಹಣ್ಣಿನ ಸಿರಪ್‌ಗೆ ಕನಿಷ್ಠ 65 ಬೇಕು. ಮೊದಲ ಭರಣಿ 61 ತೋರಿಸಿತು, ಸಕ್ಕರೆ ಹೆಚ್ಚಿಸಿ ಎರಡನೆಯದು ಸರಿ ಮಾಡಿದೆವು.

ವೈವಾ ಮೇ ಎರಡನೇ ವಾರ. ವರದಿ 118 ಪುಟ ಇತ್ತು, ಆದರೆ ಪರೀಕ್ಷಕರು ಹೆಚ್ಚು ಹೊತ್ತು ನೋಡಿದ್ದು ಬದಲಾವಣೆಗಳನ್ನು ಬರೆದಿಟ್ಟ ನಾಲ್ಕು ಪುಟವನ್ನು. ಕೊನೆಯ ಆವೃತ್ತಿಯಲ್ಲಿ ಪ್ರತಿ ಅಂದಾಜಿನ ಪಕ್ಕ ಒಂದು ಹೊಸ ಖಾನೆ ಸೇರಿಸಿದ್ದೆವು, ‘ಹೇಳಿದವರು’ ಅಂತ. 74 ಸಾಲುಗಳಲ್ಲಿ ಈಗ 51 ಉಳಿದಿದ್ದವು. 19 ಸಾಲುಗಳಲ್ಲಿ ಅಕ್ಕ ಇದ್ದರು, ಆರರಲ್ಲಿ ಮೈದುನ. ಒಂಬತ್ತು ಸಾಲುಗಳ ಎದುರು ‘ನಾವೇ ಊಹಿಸಿದ್ದು’ ಅಂತ ಬರೆದಿತ್ತು. ಪರೀಕ್ಷಕರು ಆ ಒಂಬತ್ತರ ಬಗ್ಗೆ ಮಾತ್ರ ಪ್ರಶ್ನೆ ಕೇಳಿದರು. ಬಾಟಲಿ ಖರೀದಿ ಅದರಲ್ಲಿ ಒಂದು.

ಸಂಜೆ ಪಾಸಾದ ಸುದ್ದಿ ಹೇಳಲು ಅಕ್ಕನಿಗೆ ಫೋನ್ ಮಾಡಿದೆ. “ಹೌದಾ, ಚಲೋ ಆಯ್ತು” ಅಂದರು. ಒಂದು ಕ್ಷಣ ಬಿಟ್ಟು, “ತಂಗೀ, ಹುಬ್ಬಳ್ಳಿಯಿಂದ ಬಾಟಲಿ ಬಂದಿದೆ. ಮುಚ್ಚಳ ಬಾಯಿಗೆ ಕೂರುತ್ತಾ ಇಲ್ಲ. ಆ ಹುಡುಗನಿಗೆ ಹೇಳ್ತೀಯಾ?” ಅಂದರು.