ಚರಂಡಿಗೆ ಹರಿಯುತ್ತಿದ್ದ ಬಿಸಿನೀರನ್ನು ಬಾಯ್ಲರಿಗೆ ತಂದ ಬಗೆ

ದೊಡ್ಡಬಳ್ಳಾಪುರದಲ್ಲಿ ಬಟ್ಟೆಗೆ ಬಣ್ಣ ಹಾಕುವ ಘಟಕವೊಂದರ ಬಾಯ್ಲರ್ ಮನೆ ನನ್ನ ಜವಾಬ್ದಾರಿ. ಬ್ರಿಕೆಟ್ (ಕೃಷಿ ತ್ಯಾಜ್ಯ, ಮರದ ಹೊಟ್ಟು ಒತ್ತಿ ಮಾಡಿದ ಉರುವಲು) ಉರಿಸಿ ಗಂಟೆಗೆ 3 ಟನ್ ಉಗಿ ಕೊಡುವ ಬಾಯ್ಲರ್. ನಾನು ಸೇರಿದಾಗ ಕಂಡೆನ್ಸೇಟ್, ಅಂದರೆ ಉಗಿ ತಣಿದು ಆದ ಬಿಸಿನೀರು, ವಾಪಸ್ ತರುವ ಪೈಪೂ ಇತ್ತು, ಪಂಪೂ ಇತ್ತು. ಬಾಯ್ಲರಿಗೆ ನೀರುಣಿಸುವ ಫೀಡ್ ಟ್ಯಾಂಕಿನ ನೀರು ಮಾತ್ರ 45 ಡಿಗ್ರಿ ದಾಟುತ್ತಿರಲಿಲ್ಲ. ಯಂತ್ರಗಳ ಹಿಂದಿನ ಚರಂಡಿಯಲ್ಲಿ ಹೊತ್ತಿಡೀ ಹಬೆ ಏಳುತ್ತಿತ್ತು. ದೊಡ್ಡ ಪಂಪ್ ಹಾಕಿಸಿದರೆ ಸರಿಹೋಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ನನಗೆ ಅನುಮಾನವಿದ್ದದ್ದು ಪೈಪಿನ ಆಚೆ ತುದಿಯ, ಅಂದರೆ ಯಂತ್ರಗಳ ಬದಿಯ ಮೇಲೆ.

7 ಬಾರ್ ಒತ್ತಡದ ಉಗಿ ತನ್ನ ಶಾಖ ಕೊಟ್ಟು ನೀರಾದಾಗಲೂ ಆ ನೀರು ಸುಮಾರು 170 ಡಿಗ್ರಿ ಇರುತ್ತದೆ. ಉಗಿಯಲ್ಲಿದ್ದ ಒಟ್ಟು ಶಾಖದ ಕಾಲು ಭಾಗ ಇನ್ನೂ ಅದರಲ್ಲೇ ಉಳಿದಿದೆ. ಫೀಡ್ ನೀರು 6 ಡಿಗ್ರಿ ಬಿಸಿಯಾದರೆ ಉರುವಲು ಹತ್ತಿರಹತ್ತಿರ ಶೇಕಡಾ 1ರಷ್ಟು ಉಳಿಯುತ್ತದೆ. ಮೇಲಾಗಿ ಅದು ಲವಣವಿಲ್ಲದ ನೀರು. ಗಡಸು ಬೋರ್‌ವೆಲ್ ನೀರನ್ನು ಗಡಸುತನ ತೆಗೆಯುವ ಸಾಫ್ಟನರಿಗೆ ಹಾಯಿಸಿ ಉಪ್ಪು ಸುರಿಯುವವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ. ಲವಣ ಸೇರಿದ ಬಾಯ್ಲರ್ ನೀರನ್ನು ಆಗಾಗ ಹೊರಬಿಡುವ ಬ್ಲೋಡೌನ್ ಕೂಡ ಕಡಿಮೆಯಾಗುತ್ತದೆ.

ಯಂತ್ರದಿಂದ ನೀರು ಹೊರಬರುವ ಕಡೆ ಇರುವ ಸ್ಟೀಮ್ ಟ್ರ್ಯಾಪ್ ನೀರನ್ನು ಮಾತ್ರ ಬಿಟ್ಟು ಉಗಿಯನ್ನು ತಡೆಯುತ್ತದೆ. ಟ್ರ್ಯಾಪ್ ದಾಟಿದೊಡನೆ ಒತ್ತಡ ಬೀಳುವುದರಿಂದ ಆ ನೀರಿನ ಸುಮಾರು ಶೇಕಡಾ 13 ಭಾಗ ಮತ್ತೆ ಉಗಿಯಾಗುತ್ತದೆ. ತೂಕದಲ್ಲಿ ಇದು ಸ್ವಲ್ಪವೇ, ಆದರೆ ಪೈಪಿನೊಳಗಿನ ಜಾಗದಲ್ಲಿ ಶೇಕಡಾ 99ಕ್ಕೂ ಹೆಚ್ಚನ್ನು ಅದೇ ಆಕ್ರಮಿಸುತ್ತದೆ. ಬರೀ ನೀರಿನ ಲೆಕ್ಕ ಹಾಕಿ ಸಣ್ಣ ಪೈಪ್ ಎಳೆದವರು ಎಡವುವುದು ಇಲ್ಲಿಯೇ.

ನಮ್ಮಲ್ಲಿ ಪೈಪಿಗಿಂತ ದೊಡ್ಡ ಕಾಟ, ಟ್ರ್ಯಾಪನ್ನು ತಪ್ಪಿಸಿ ಪಕ್ಕದಿಂದ ಹರಿಸುವ ಬೈಪಾಸ್ ವಾಲ್ವಿನದು. ಬೆಳಿಗ್ಗೆ ಯಂತ್ರ ತಣ್ಣಗಿರುವಾಗ ಗಾಳಿ, ನೀರು ಬೇಗ ಹೊರಹೋಗಲೆಂದು ಆಪರೇಟರ್ ಬೈಪಾಸ್ ತೆರೆಯುತ್ತಾನೆ, ಆಮೇಲೆ ಮುಚ್ಚುವುದಿಲ್ಲ. ಅದರ ಮೂಲಕ ಇನ್ನೂ ಶಾಖ ಕೊಡದ ಉಗಿ ನೇರವಾಗಿ ರಿಟರ್ನ್ ಪೈಪಿಗೆ ನುಗ್ಗಿ ಅಲ್ಲಿನ ಒತ್ತಡ ಏರಿಸುತ್ತದೆ. ಪಕ್ಕದ ಯಂತ್ರದ ಟ್ರ್ಯಾಪಿಗೆ ಆ ಒತ್ತಡವನ್ನು ಮೀರಿ ನೀರು ತಳ್ಳಲಾಗುವುದಿಲ್ಲ. ಅಲ್ಲಿ ಬ್ಯಾಚ್ ಬಿಸಿಯಾಗುವುದು ತಡವಾಗುತ್ತದೆ, ಅಲ್ಲಿನ ಆಪರೇಟರ್ ಕೂಡ ತನ್ನ ಬೈಪಾಸ್ ತೆರೆಯುತ್ತಾನೆ. ಕೊನೆಗೆ ಅದೂ ಸಾಲದೆ ನೀರನ್ನು ಚರಂಡಿಗೆ ಬಿಡುತ್ತಾರೆ. "ಅಣ್ಣಾ, ಇದನ್ನು ಮುಚ್ಚಿದರೆ ನನ್ನ ಬ್ಯಾಚ್ ನಿಲ್ಲುತ್ತದೆ" ಎಂದು ಪ್ರತಿಯೊಬ್ಬನೂ ಹೇಳಿದ. ಅವರ ಮಾತು ಸುಳ್ಳಲ್ಲ, ಅದಕ್ಕೇ ಒಂದೊಂದಾಗಿ ಮುಚ್ಚಿಸಲು ಹೋಗಲಿಲ್ಲ. ವಾರದ ರಜೆಯ ದಿನ ಟ್ರ್ಯಾಪ್‌ಗಳನ್ನೆಲ್ಲ ಬಿಚ್ಚಿ, ಕಸ ತಡೆಯುವ ಜಾಲರಿ (ಸ್ಟ್ರೈನರ್) ತೊಳೆದು, ಕೆಟ್ಟವನ್ನು ಬದಲಿಸಿ, ಎಲ್ಲ ಬೈಪಾಸ್‌ಗಳನ್ನೂ ಒಟ್ಟಿಗೇ ಮುಚ್ಚಿದೆ.

ಒಳಗಿನ ಬಿಲ್ಲೆ ಎದ್ದು ಕೂರುತ್ತಾ ನೀರು ಬಿಡುವ ಡಿಸ್ಕ್ ಟ್ರ್ಯಾಪ್ ಕೆಟ್ಟಿದೆಯೇ ಎಂದು ತಿಳಿಯಲು ನಾನು ಉದ್ದನೆಯ ಸ್ಕ್ರೂಡ್ರೈವರ್ ಬಳಸುತ್ತೇನೆ. ತುದಿಯನ್ನು ಟ್ರ್ಯಾಪಿನ ಮುಚ್ಚಳಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟರೆ, ಒಳ್ಳೆಯದಾದರೆ ಟಕ್ ಎಂದು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಬಿಡುವಿಲ್ಲದೆ ಟಕಟಕ ಎನ್ನುತ್ತಿದ್ದರೆ ಡಿಸ್ಕ್ ಸವೆದಿದೆ. ತೇಲುಗುಂಡಿನಿಂದ ನಡೆಯುವ ಫ್ಲೋಟ್ ಟ್ರ್ಯಾಪಿಗೆ ಈ ಉಪಾಯ ನಡೆಯದು, ಅದು ಸದ್ದಿಲ್ಲದೆ ಹರಿಸುತ್ತಲೇ ಇರುತ್ತದೆ. ಅಲ್ಲಿ ಹರಿವನ್ನು ಕಣ್ಣಾರೆ ನೋಡುವ ಗಾಜಿನ ಕಿಂಡಿ (ಸೈಟ್ ಗ್ಲಾಸ್) ಬೇಕೇ ಬೇಕು.

ಬಣ್ಣದ ನೀರನ್ನು ರಭಸವಾಗಿ ಚಿಮ್ಮಿಸಿ ಬಟ್ಟೆಗೆ ಬಣ್ಣ ಹಾಕುವ ಜೆಟ್ ಡೈಯಿಂಗ್ ಯಂತ್ರಗಳ ಸಮಸ್ಯೆಯೇ ಬೇರೆ. ಬೇಕಾದ ಉಷ್ಣತೆ ಮುಟ್ಟಿದೊಡನೆ ಕಂಟ್ರೋಲ್ ವಾಲ್ವ್ ಮುಚ್ಚಿಕೊಳ್ಳುತ್ತದೆ, ಉಗಿಯ ಶಾಖವನ್ನು ಬಣ್ಣದ ನೀರಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರಿನೊಳಗಿನ ಒತ್ತಡ ಕುಸಿಯುತ್ತದೆ, ನೀರನ್ನು ಮೇಲಿನ ಪೈಪಿಗೆ ತಳ್ಳುವ ಶಕ್ತಿ ಉಳಿಯುವುದಿಲ್ಲ. ನಿಂತ ನೀರಿನ ಮೇಲೆ ಮತ್ತೆ ಉಗಿ ಬಂದಾಗ ಪೈಪ್ ಧಡಧಡ ಹೊಡೆದುಕೊಳ್ಳುತ್ತದೆ. ಟ್ರ್ಯಾಪ್ ಎಷ್ಟು ಒಳ್ಳೆಯದಿದ್ದರೂ ಇದಕ್ಕೆ ಮದ್ದಲ್ಲ. ನೀರು ಇಳಿಜಾರಿನಲ್ಲಿ ತಾನೇ ಹರಿದು ಕೆಳಗಿನ ರಿಸೀವರ್ ತೊಟ್ಟಿಗೆ ಸೇರುವಂತೆ ಮಾಡಿ, ಅಲ್ಲಿಂದ ಉಗಿಯ ಒತ್ತಡದಲ್ಲೇ ನಡೆಯುವ ಪಂಪಿನಿಂದ ಮೇಲೆತ್ತಿದೆವು. ಕುದಿಯುವ ಹಂತದ ನೀರನ್ನು ವಿದ್ಯುತ್ ಪಂಪ್ ಎಳೆಯಲು ಹೋದರೆ ಒಳಗೆ ಗುಳ್ಳೆಯೆದ್ದು ಪಂಪಿನ ಚಕ್ರವನ್ನು (ಇಂಪೆಲ್ಲರ್) ತಿನ್ನುತ್ತದೆ.

ಟ್ಯಾಂಕಿನಿಂದ ಬಾಯ್ಲರಿಗೆ ನೀರು ತಳ್ಳುವ ಫೀಡ್ ಪಂಪಿಗೂ ಅದೇ ಭಯ. ಸಮುದ್ರಮಟ್ಟದಿಂದ ಇಷ್ಟು ಎತ್ತರದ ನಮ್ಮೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಮಂಗಳೂರಿನವರಿಗೆ ಇರುವ ಸಲುಗೆ ನಮಗಿಲ್ಲ. ಹಾಗಾಗಿ ಟ್ಯಾಂಕನ್ನು ಪಂಪಿಗಿಂತ ಸಾಕಷ್ಟು ಮೇಲೆ ಕೂರಿಸಿದೆವು. ಕಂಡೆನ್ಸೇಟನ್ನು ತೂತುಗಳಿರುವ ಪೈಪಿನಿಂದ ನೀರಿನ ಅಡಿಯಲ್ಲಿ ಬಿಡುತ್ತೇವೆ. ಉಗಿ ಅಲ್ಲೇ ನೀರಾಗುತ್ತದೆ. ಈಗ ಟ್ಯಾಂಕ್ 85ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಬಿಸಿ ಹೆಚ್ಚಿದಷ್ಟೂ ನೀರಿನಲ್ಲಿ ಕರಗಿದ ಆಮ್ಲಜನಕ ಇಳಿಯುವುದರಿಂದ, ಅದನ್ನು ತೆಗೆಯಲು ಹಾಕುವ ಸಲ್ಫೈಟಿನ ಖರ್ಚೂ ಇಳಿಯಿತು.

ವಾಪಸ್ ಬಂದ ನೀರನ್ನೆಲ್ಲ ಕಣ್ಣುಮುಚ್ಚಿ ಸೇರಿಸಬಾರದು. ಜೆಟ್‌ನಲ್ಲಿ ಬಿಸಿಗೂ ತಂಪಿಗೂ ಒಂದೇ ಎಕ್ಸ್‌ಚೇಂಜರ್. ವಾಲ್ವ್ ಸೋರಿದರೆ ಗಡಸು ಕೂಲಿಂಗ್ ನೀರು, ಟ್ಯೂಬ್ ತೂತಾದರೆ ಬಣ್ಣದ ನೀರು ಒಳಬರುತ್ತದೆ. ಬಣ್ಣವನ್ನು ಬಿಳಿ ಲೋಟದಲ್ಲಿ ಕಾಣಬಹುದು, ಗಡಸುತನ ಕಣ್ಣಿಗೆ ಕಾಣದು. ಅದಕ್ಕೆ ನೀರಿನಲ್ಲಿ ಕರಗಿದ ಲವಣವನ್ನು ಅದರ ವಿದ್ಯುತ್ ವಾಹಕತೆಯಿಂದ ತಿಳಿಸುವ ಕಂಡಕ್ಟಿವಿಟಿ ಮೀಟರ್ ಇಟ್ಟಿದ್ದೇವೆ; ಮಿತಿ ಮೀರಿದರೆ ನೀರು ಚರಂಡಿಗೆ ತಿರುಗುತ್ತದೆ.

ಹಳೆಯ ರಿಟರ್ನ್ ಪೈಪನ್ನು ಕೊಯ್ದಾಗ ಮೇಲ್ಭಾಗ ಹೊಸದರಂತಿತ್ತು, ತಳದಲ್ಲಿ ಉದ್ದಕ್ಕೂ ಕಾಲುವೆ ಕೊರೆದಿತ್ತು. ಸಾಫ್ಟನರ್ ಬೈಕಾರ್ಬೊನೇಟನ್ನು ತೆಗೆಯುವುದಿಲ್ಲ; ಬಾಯ್ಲರಿನಲ್ಲಿ ಅದು ಒಡೆದು ಇಂಗಾಲದ ಡೈಆಕ್ಸೈಡ್ ಉಗಿಯ ಜೊತೆ ಹೊರಟು, ಕಂಡೆನ್ಸೇಟಿನಲ್ಲಿ ಕರಗಿ ಆಮ್ಲವಾಗುತ್ತದೆ. ಈಗ ಆ ಆಮ್ಲವನ್ನು ತಣಿಸುವ ಅಮೈನ್ ಎಂಬ ರಾಸಾಯನಿಕ ಹಾಕಿ ಪಿಎಚ್ ಅನ್ನು 8.5ರ ಹತ್ತಿರ ಇಡುತ್ತೇವೆ.

ಇಸ್ತ್ರಿ ಟೇಬಲುಗಳ ಕಂಡೆನ್ಸೇಟ್ ಮಾತ್ರ ಈಗಲೂ ಚರಂಡಿಗೇ ಹೋಗುತ್ತದೆ. ಆ ಶೆಡ್ ಅಂಗಳದ ಆಚೆ ಬದಿಯಲ್ಲಿದೆ, ಅಷ್ಟು ದೂರದ ಪೈಪಿನ ಖರ್ಚಿಗೆ ಅಲ್ಲಿನ ನೀರು ಸಾಲದು.