ಆ್ಯಪ್ ಮಾಡಿಸುತ್ತೀರಾ? ಮೊದಲು ರೈಟರ ಪುಸ್ತಕ ತೆರೆಯಿರಿ

ಹಾಸನ, ಚಿಕ್ಕಮಗಳೂರು ಕಡೆ ಈಗ ಸಾಫ್ಟ್‌ವೇರ್ ಮಾಡಿಸುವವರಲ್ಲಿ ಎಲ್ಲ ತರಹದವರೂ ಇದ್ದಾರೆ. ಕಾಫಿ ತೋಟದವರು, ಕ್ಯೂರಿಂಗ್ ವರ್ಕ್ಸ್‌ನವರು, ಹೋಂಸ್ಟೇ ಮಾಲೀಕರು, ಅಡಿಕೆ ಮಂಡಿ, ಸಹಕಾರ ಸಂಘ, ನರ್ಸಿಂಗ್ ಹೋಂ – ಒಬ್ಬೊಬ್ಬರಿಗೆ ಒಂದೊಂದು ಆ್ಯಪ್ ಬೇಕು. ಅದಕ್ಕಂತಲೇ ಎಂಜಿನಿಯರ್‌ಗಳನ್ನು ಸಂಬಳಕ್ಕೆ ಇಟ್ಟುಕೊಂಡರೆ ಪೂರೈಸುವುದಿಲ್ಲ. ಹಾಗಾಗಿ ಕೆಲಸವನ್ನು ಹೊರಗಿನ ತಂಡಕ್ಕೆ ಕೊಡುತ್ತಾರೆ. ಕೊಟ್ಟ ಮೇಲೆ ಗೊಣಗುವವರೂ ಬಹಳ. ದುಡ್ಡು ಹೋಯ್ತು, ಆ್ಯಪ್ ಉಪಯೋಗಕ್ಕೆ ಬರಲಿಲ್ಲ ಅನ್ನುತ್ತಾರೆ.

ತಂಡದವರೇ ಕೈಕೊಡುವುದೂ ಉಂಟು, ಇಲ್ಲ ಅನ್ನುವುದಿಲ್ಲ. ಆದರೆ ಜಾಸ್ತಿ ಕೆಡುವುದು ಕೆಲಸ ಕೊಟ್ಟವರ ತಪ್ಪು ಲೆಕ್ಕಾಚಾರದಿಂದ. ಕೋಡ್ ಬರೆಯುವುದನ್ನು ಹೊರಗೆ ಕೊಡಬಹುದು. ನಮ್ಮ ವ್ಯವಹಾರ ಹೇಗೆ ನಡೆಯುತ್ತದೆ ಅನ್ನುವ ತಿಳಿವಳಿಕೆಯನ್ನು, ಇದು ಬೇಕು ಅದು ಬೇಡ ಅನ್ನುವ ತೀರ್ಮಾನವನ್ನು ಹೊರಗೆ ಕೊಡಲು ಬರುವುದಿಲ್ಲ.

ಉದಾಹರಣೆಗೆ ಒಂದು ಕಾಫಿ ತೋಟ ಅಂದುಕೊಳ್ಳಿ. ಮೂಡಿಗೆರೆಯೋ ಸಕಲೇಶಪುರವೋ, ಎಲ್ಲಾದರೂ ಇರಲಿ. ಕೊಯ್ಲಿನ ತೂಕ ಮತ್ತು ಬಟವಾಡೆ ಲೆಕ್ಕಕ್ಕೆ ಒಂದು ಆ್ಯಪ್ ಬೇಕಾಗಿದೆ. ಎಲ್ಲಿಂದ ಶುರು ಮಾಡಬೇಕು?

ಹೆಜ್ಜೆ 1: ಹೊಸದಾಗಿ ಮಾಡಿಸಲೇಬೇಕಾ?

ಹಲವು ಸಲ ಬೇಕಿಲ್ಲ. ಬರೀ ಜಮಾ ಖರ್ಚು, ಜಿಎಸ್‌ಟಿ ಅಂದರೆ ಟ್ಯಾಲಿ ಇದೆ. ನಾಲ್ಕು ಕೋಣೆಯ ಹೋಂಸ್ಟೇ ಬುಕಿಂಗ್‌ಗೆ ಗೂಗಲ್ ಶೀಟ್ ಸಾಕಾಗುತ್ತದೆ. ಸಿದ್ಧ ಸಾಫ್ಟ್‌ವೇರನ್ನು ಒಂದು ತಿಂಗಳು ಬಳಸಿ ನೋಡಿ. ಎಲ್ಲಿ ಅದು ನಿಮ್ಮ ಪದ್ಧತಿಗೆ ಒಗ್ಗುವುದಿಲ್ಲವೋ ಅಷ್ಟನ್ನೇ ಮಾಡಿಸಿ.

ಹೆಜ್ಜೆ 2: ಬೇಕಾದ್ದನ್ನು ಬರೆಯಿರಿ

"ಐಡಿಯಾ ಹೇಳಿದ್ದೀವಿ, ಮಿಕ್ಕಿದ್ದು ಅವರೇ ನೋಡ್ಕೋತಾರೆ." ತಪ್ಪು ತಿಳಿವಳಿಕೆಗಳಲ್ಲಿ ಎಲ್ಲಕ್ಕಿಂತ ದುಬಾರಿಯಾದದ್ದು ಇದು.

"ತೂಕ ಹಾಕಿದರೆ ಕೂಲಿ ಲೆಕ್ಕ ಬರಬೇಕು" ಅಂತ ಒಂದು ಸಾಲಿನಲ್ಲಿ ಹೇಳಿದಿರಿ ಅನ್ನಿ. ತಂಡದವರಿಗೆ ಅರ್ಥವಾಗುವುದು ಇಷ್ಟು: ಒಬ್ಬ ಆಳು, ಒಂದು ತೂಕ, ಒಂದು ದರ, ಗುಣಿಸಿದರೆ ಕೂಲಿ. ತೋಟದಲ್ಲಿ ನಡೆಯುವುದು ಹಾಗಾ? ಫ್ಲೈ ಪಿಕಿಂಗ್, ಅಂದರೆ ಮೊದಲು ಹಣ್ಣಾದದ್ದನ್ನಷ್ಟೇ ಆರಿಸಿ ಕೊಯ್ಯುವ ಹೊತ್ತಿಗೆ ಗಿಡದಲ್ಲಿ ಹಣ್ಣು ಅಲ್ಲೊಂದು ಇಲ್ಲೊಂದು, ಆಗ ದಿನಗೂಲಿ ಕೊಡುವ ತೋಟಗಳಿವೆ. ಕೊಯ್ಲು ಜೋರಾದ ಮೇಲೆ ಕೆಜಿ ಲೆಕ್ಕ. ಅರೇಬಿಕಾಕ್ಕೆ ಒಂದು ದರ, ರೊಬಸ್ಟಾಕ್ಕೆ ಇನ್ನೊಂದು. ಗಂಡ ಹೆಂಡತಿ ಕೊಯ್ದದ್ದನ್ನು ಒಂದೇ ಚೀಲಕ್ಕೆ ಸುರಿದು ಒಂದೇ ಹೆಸರಿನಲ್ಲಿ ತೂಕ ಹಾಕಿಸುತ್ತಾರೆ. ಮುಂಗಡ ತೆಗೆದುಕೊಂಡವರ ಕೂಲಿಯಲ್ಲಿ ವಾರಕ್ಕೆ ಇಷ್ಟು ಅಂತ ಮುರಿದುಕೊಳ್ಳಬೇಕು. ಸಂತೆಗೆ ಮೊದಲು ಬಟವಾಡೆ ಆಗಲೇಬೇಕು. ಹೊರಗಿನಿಂದ ಗ್ಯಾಂಗ್ ಬಂದಿದ್ದರೆ ದುಡ್ಡು ಮೇಸ್ತ್ರಿ ಕೈಗೋ, ಒಬ್ಬೊಬ್ಬರ ಖಾತೆಗೋ?

ಇವೆಲ್ಲ ತೋಟದ ರೈಟರಿಗೆ, ಅಂದರೆ ಆಳು, ಕೂಲಿಯ ಲೆಕ್ಕ ಬರೆಯುವವರಿಗೆ, ಬಾಯಿಪಾಠ. ಎಷ್ಟು ಬಾಯಿಪಾಠ ಅಂದರೆ, ಕೇಳದೇ ಇದ್ದರೆ ಅವರು ಹೇಳುವುದೂ ಇಲ್ಲ. ಹೇಳಬೇಕಾದ ವಿಷಯ ಅಂತಲೇ ಅನಿಸುವುದಿಲ್ಲ. ಹಾಗಾಗಿ ಮಾಲೀಕರು ಬೆಂಗಳೂರಿಗೆ ಹೋಗಿ ಮೀಟಿಂಗ್ ಮಾಡುವ ಮುಂಚೆ ರೈಟರ ಪಕ್ಕ ಕೂತು ಅವರ ಪುಸ್ತಕ ನೋಡಬೇಕು. ಕೊಯ್ಲು ಜೋರಿರುವ ಎರಡು ವಾರದ ಪುಟಗಳನ್ನು ಜೆರಾಕ್ಸ್ ಮಾಡಿಸಿ. ಎಲ್ಲಿ ಕಾಟು ಹೊಡೆದು ತಿದ್ದಿದ್ದಾರೆ, ಎಲ್ಲಿ ಅಂಚಿನಲ್ಲಿ ಏನೋ ಬರೆದಿದ್ದಾರೆ, ಅಲ್ಲೆಲ್ಲ ಗುರುತು ಹಾಕಿ ಯಾಕೆ ಅಂತ ಕೇಳಿ. ಆ್ಯಪ್ ಸೋಲುವುದು ಅಂಥ ಜಾಗದಲ್ಲೇ.

ಇದನ್ನೆಲ್ಲ ನಿಮ್ಮ ಕನ್ನಡದಲ್ಲೇ ಬರೆಯಿರಿ. ಕಂಪ್ಯೂಟರ್ ಭಾಷೆ ಬೇಕಿಲ್ಲ, ನಾಲ್ಕೈದು ಪುಟ ಸಾಕು. ಮೊದಲ ದಿನವೇ ಇರಬೇಕಾದ್ದು ಯಾವುದು, ಮುಂದಿನ ವರ್ಷಕ್ಕೆ ಬಿಡಬಹುದಾದ್ದು ಯಾವುದು ಅಂತ ಬೇರೆ ಮಾಡಿ. ಎಲ್ಲವೂ ಮೊದಲ ದಿನವೇ ಬೇಕು ಅಂದರೆ ಪಟ್ಟಿ ಮಾಡಿದ್ದೇ ವ್ಯರ್ಥ. ಒಂದು ವಿಷಯವನ್ನಂತೂ ಮರೆಯಬೇಡಿ. ತೂಕ ಹಾಕುವ ಜಾಗದಲ್ಲಿ ನೆಟ್‌ವರ್ಕ್ ಸಿಗುತ್ತದೆಯಾ? ಸಿಗದಿದ್ದರೆ ನೆಟ್ ಇಲ್ಲದೆಯೂ ಆ್ಯಪ್ ನಡೆಯಬೇಕು, ಸಿಕ್ಕಾಗ ತಾನೇ ಲೆಕ್ಕ ಕಳಿಸಬೇಕು. ಶುರುವಿನಲ್ಲೇ ಹೇಳಿದರೆ ಇದು ಮಾಮೂಲಿ ಕೆಲಸ. ಎಲ್ಲ ಮುಗಿದ ಮೇಲೆ ಹೇಳಿದರೆ ಅರ್ಧ ಆ್ಯಪ್ ಕಿತ್ತು ಮತ್ತೆ ಬರೆಯಬೇಕಾಗುತ್ತದೆ.

ಹೆಜ್ಜೆ 3: ತಂಡ ಹುಡುಕುವುದು

ದೊಡ್ಡ ಹೆಸರಿನ ಕಂಪನಿಗೆ ಕೊಟ್ಟರೆ ಚಿಂತೆ ಇಲ್ಲ ಅನ್ನುವ ನಂಬಿಕೆ ಬಲವಾಗಿದೆ. 2021ರ ಜೂನ್‌ನಲ್ಲಿ ಶುರುವಾದ ಆದಾಯ ತೆರಿಗೆಯ ಹೊಸ ಪೋರ್ಟಲ್ ನೆನಪಿದೆಯಾ? ಮಾಡಿದ್ದು ಇನ್ಫೋಸಿಸ್. ಮೊದಲ ತಿಂಗಳುಗಳಲ್ಲಿ ತೊಂದರೆ ಎಷ್ಟಿತ್ತು ಅಂದರೆ ಹಣಕಾಸು ಸಚಿವರು ಕಂಪನಿಯ ಮುಖ್ಯಸ್ಥರನ್ನೇ ಕರೆಸಿ ಕೇಳಬೇಕಾಯಿತು. ಅಮೆರಿಕದ ಕಾರು ಬಾಡಿಗೆ ಕಂಪನಿ ಹರ್ಟ್ಜ್ 2019ರಲ್ಲಿ ಅಕ್ಸೆಂಚರ್ ಮೇಲೆ ದಾವೆ ಹೂಡಿತು. 3.2 ಕೋಟಿ ಡಾಲರ್‌ಗೂ ಜಾಸ್ತಿ ಕೊಟ್ಟರೂ ಬಳಸಬಹುದಾದ ವೆಬ್‌ಸೈಟ್ ಸಿಗಲಿಲ್ಲ ಅನ್ನುವುದು ಅದರ ದೂರು. ಅಕ್ಸೆಂಚರ್ ಆ ಆರೋಪವನ್ನು ಒಪ್ಪಲಿಲ್ಲ. ಯಾರದು ಸರಿ ಅನ್ನುವುದು ಇಲ್ಲಿ ಬೇಡ. ಹೆಸರು ದೊಡ್ಡದಿದ್ದ ಮಾತ್ರಕ್ಕೆ ಕೆಲಸ ಸಲೀಸಾಗುವುದಿಲ್ಲ, ಅಷ್ಟೇ. ಜೊತೆಗೆ ನಿಮ್ಮದು ಸಣ್ಣ ಕೆಲಸವಾದರೆ ದೊಡ್ಡ ಕಂಪನಿಯಲ್ಲಿ ಅದು ಯಾರ ಕೈಗೆ ಹೋಗುತ್ತದೆ ಅನ್ನುವುದನ್ನೂ ಯೋಚಿಸಿ.

ಇದರ ಇನ್ನೊಂದು ಮುಖ, ಊರಿನವರಿಂದ ಆಗಲ್ಲ ಅನ್ನುವುದು. ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಶುರುವಾಗಿದ್ದು 1960ರಲ್ಲಿ. ಚಿಕ್ಕಮಗಳೂರಿನಲ್ಲಿ ಆದಿಚುಂಚನಗಿರಿ ತಾಂತ್ರಿಕ ಕಾಲೇಜು 1980ರಿಂದ ಇದೆ. ಇಲ್ಲಿ ಓದಿದವರು ಎಲ್ಲರೂ ಬೆಂಗಳೂರಿಗೇ ಹೋಗಿಲ್ಲ. ಊರಿನ ಸಣ್ಣ ತಂಡಕ್ಕೆ ಒಂದು ಅನುಕೂಲ ಇದೆ: ಕರೆದರೆ ತೋಟಕ್ಕೆ ಬರುತ್ತಾರೆ, ಕಣ ಅಂದರೆ ಏನು ಅಂತ ವಿವರಿಸಬೇಕಾಗಿಲ್ಲ. ಹಾಗಂತ ಊರಿನವರು ಅನ್ನುವ ದಾಕ್ಷಿಣ್ಯಕ್ಕೆ ಕೊಡಬೇಡಿ. ತಂಡ ಎಲ್ಲಿಯದೇ ಇರಲಿ, ಹಿಂದೆ ಮಾಡಿಕೊಟ್ಟ ಇಬ್ಬರು ಗಿರಾಕಿಗಳ ಫೋನ್ ನಂಬರ್ ಕೇಳಿ. "ಕೆಲಸ ಮುಗಿದ ಒಂದು ವರ್ಷದ ಮೇಲೆ ಕೆಟ್ಟರೆ ಬಂದು ನೋಡಿದರಾ?" ಅಂತ ಗಿರಾಕಿಗಳನ್ನು ಕೇಳಿ. ಡೆಮೊ ನೋಡುವುದಕ್ಕಿಂತ ಇದು ಜಾಸ್ತಿ ತಿಳಿಸುತ್ತದೆ. ಮೀಟಿಂಗ್‌ಗೆ ಬಂದವರು ಒಬ್ಬರು, ಕೋಡ್ ಬರೆಯುವವರು ಇನ್ನೊಬ್ಬರು ಆಗಿರುವುದೂ ಮಾಮೂಲಿ. ಬರೆಯುವವರ ಜೊತೆಯೇ ಅರ್ಧ ಗಂಟೆ ಮಾತಾಡಿ.

ಹೆಜ್ಜೆ 4: ಕೊಟೇಶನ್ ಓದುವುದು

ಕಡಿಮೆ ಕೊಟೇಶನ್ ಕೊಟ್ಟವರೇ ಅಗ್ಗ ಅಂತ ತಿಳಿಯಬೇಡಿ. ಅದರಲ್ಲಿ ಏನಿಲ್ಲ ಅನ್ನುವುದನ್ನು ನೋಡಿ. 18 ಪರ್ಸೆಂಟ್ ಜಿಎಸ್‌ಟಿ ಸೇರಿದೆಯಾ? ಸರ್ವರ್ ಬಾಡಿಗೆ ಯಾರದು? ಗೂಗಲ್ ಪ್ಲೇ ಖಾತೆಗೆ ಒಂದೇ ಸಲ 25 ಡಾಲರ್, ಐಫೋನ್‌ನಲ್ಲೂ ಬೇಕಾದರೆ ಆಪಲ್‌ಗೆ ವರ್ಷಕ್ಕೆ 99 ಡಾಲರ್. ತೋಟದ ಆ್ಯಪ್‌ಗೆ ಐಫೋನ್ ಯಾಕೆ ಬೇಕು ಅನ್ನುವುದು ಬೇರೆ ಪ್ರಶ್ನೆ. ಆಳುಗಳಿಗೆ ಕೂಲಿಯ ಎಸ್‌ಎಂಎಸ್ ಹೋಗಬೇಕಾದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದ ಪ್ರಕಾರ ಡಿಎಲ್‌ಟಿ ಅನ್ನುವ ವ್ಯವಸ್ಥೆಯಲ್ಲಿ ನೋಂದಣಿ ಮಾಡಿಸಿ, ಕಳಿಸುವ ಸಂದೇಶದ ಒಕ್ಕಣೆಗೂ ಒಪ್ಪಿಗೆ ಪಡೆಯಬೇಕು. ಇದಕ್ಕೆ ದಿನಗಳು ಹಿಡಿಯುತ್ತವೆ, ಕೊನೆಗೆ ಇಟ್ಟುಕೊಳ್ಳಬೇಡಿ. ಬಿಲ್ ಮೇಲೆ ಟಿಡಿಎಸ್ ಎಷ್ಟು ಹಿಡಿಯಬೇಕು ಅಂತ ಆಡಿಟರ್‌ನ ಕೇಳಿಬಿಡಿ.

ಒಂದೇ ರೇಟಿಗೆ ಮಾತಾಡಿಕೊಂಡರೆ ಸೇಫ್ ಅನ್ನುತ್ತಾರೆ. ಪೂರ್ತಿ ಸುಳ್ಳಲ್ಲ. ಆದರೆ ಒಂದೇ ರೇಟು ಅಂದಾಗ ತಂಡದವರು ಅಪಾಯಕ್ಕೂ ಸೇರಿಸಿ ಬೆಲೆ ಹೇಳಿರುತ್ತಾರೆ, ಆಮೇಲೆ ಪ್ರತಿ ಸಣ್ಣ ಬದಲಾವಣೆಗೂ ಎಕ್ಸ್‌ಟ್ರಾ ಕೇಳುತ್ತಾರೆ. ಗಂಟೆ ಲೆಕ್ಕಕ್ಕೆ ಕೊಟ್ಟರೆ ಮುಗಿಯುವುದು ಯಾವಾಗ ಅನ್ನುವುದೇ ತಿಳಿಯದೆ ಹೋಗಬಹುದು. ನನ್ನ ಸಲಹೆ: ತೂಕ ಬರೆಯುವ ಒಂದೇ ಒಂದು ಭಾಗವನ್ನು ಮೊದಲು ನಿಗದಿ ದರಕ್ಕೆ ಕೊಡಿ. ತಂಡದ ಕೈಗುಣ ನೋಡಿ. ಹಿಡಿಸಿದರೆ ಮುಂದಿನದು.

ಮಾಡಿಸಿದ ಮೇಲೆ ಖರ್ಚು ನಿಂತಿತು ಅಂದುಕೊಳ್ಳುವವರೂ ಇದ್ದಾರೆ. ಆಂಡ್ರಾಯ್ಡ್‌ನ ಹೊಸ ಆವೃತ್ತಿಗಳು ಬರುತ್ತಲೇ ಇರುತ್ತವೆ. ಪ್ಲೇ ಸ್ಟೋರ್‌ನಲ್ಲಿ ಉಳಿಯಬೇಕಾದರೆ ಆ್ಯಪನ್ನೂ ಅದಕ್ಕೆ ತಕ್ಕ ಹಾಗೆ ನವೀಕರಿಸುತ್ತಿರಬೇಕು. ವರ್ಷದ ನಿರ್ವಹಣೆಗೆ ಎಷ್ಟು ಅಂತ ಈಗಲೇ ಬರೆಸಿಕೊಳ್ಳಿ.

ಹೆಜ್ಜೆ 5: ಅಗ್ರಿಮೆಂಟ್

"ದುಡ್ಡು ಕೊಟ್ಟಿದ್ದು ನಾವು, ಕೋಡ್ ನಮ್ಮದೇ ಅಲ್ವಾ?" ಅಲ್ಲ. ಅಡಿಕೆ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟರೂ ತೋಟ ನಿಮ್ಮ ಹೆಸರಿನಲ್ಲೇ ಇರುತ್ತದೆ. ಸಾಫ್ಟ್‌ವೇರ್ ಹಾಗಲ್ಲ.

1957ರ ಕಾಪಿರೈಟ್ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಗಳ ಸಾಲಿಗೆ ಸೇರಿಸುತ್ತದೆ. ಅದರ 17ನೇ ಸೆಕ್ಷನ್ ಪ್ರಕಾರ ಕೃತಿಯ ಮೊದಲ ಹಕ್ಕುದಾರ ಅದನ್ನು ಬರೆದವನು. ಸಂಬಳಕ್ಕಿರುವ ನೌಕರ ಕೆಲಸದ ಭಾಗವಾಗಿ ಬರೆದರೆ ಹಕ್ಕು ಮಾಲೀಕನಿಗೆ ಹೋಗುತ್ತದೆ. ಹೊರಗಿನ ತಂಡ ನಿಮ್ಮ ನೌಕರರಲ್ಲ. ಹಾಗಾಗಿ ಬಿಲ್ ಪೂರ್ತಿ ಕಟ್ಟಿದರೂ ಕಾಪಿರೈಟ್ ಅವರಲ್ಲೇ ಉಳಿಯಬಹುದು. ಅದನ್ನು ನಿಮಗೆ ವರ್ಗಾಯಿಸಿದ್ದೇವೆ ಅಂತ ಅವರು ಬರೆದು ಸಹಿ ಹಾಕಬೇಕು. ಬಾಯಿಮಾತು ನಡೆಯುವುದಿಲ್ಲ, ಇದು 19ನೇ ಸೆಕ್ಷನ್. ಅದರಲ್ಲಿ ಇನ್ನೊಂದು ತೊಡಕಿದೆ. ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ ವರ್ಗಾವಣೆ 5 ವರ್ಷಕ್ಕೆ ಮಾತ್ರ. ಎಲ್ಲೆಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಒಂದು ವರ್ಷದೊಳಗೆ ಹಕ್ಕನ್ನು ಬಳಸದಿದ್ದರೆ, ಬೇರೆ ಮಾತು ಬರೆದಿಲ್ಲದ ಪಕ್ಷದಲ್ಲಿ, ಅದೂ ಬಿದ್ದುಹೋಗುತ್ತದೆ. ಆದ್ದರಿಂದ "ಶಾಶ್ವತವಾಗಿ, ಎಲ್ಲ ದೇಶಗಳಿಗೆ, ಬಳಸದಿದ್ದರೂ ರದ್ದಾಗದಂತೆ" ಅನ್ನುವ ಅರ್ಥ ಬರುವ ಸಾಲು ಬೇಕೇ ಬೇಕು. ವಕೀಲರಿಗೆ ಒಮ್ಮೆ ತೋರಿಸಿ. ನೆಟ್‌ನಿಂದ ಇಳಿಸಿದ ಅಮೆರಿಕದ ಅಗ್ರಿಮೆಂಟ್ ನಮೂನೆಗೆ ಸುಮ್ನೆ ಸಹಿ ಹಾಕಬೇಡಿ. ಅಲ್ಲಿನ ಕಾನೂನು ಬೇರೆ.

ತಂಡದವರು ಮೊದಲೇ ಬರೆದಿಟ್ಟುಕೊಂಡ ತುಣುಕುಗಳನ್ನೂ, ಉಚಿತವಾಗಿ ಸಿಗುವ ಓಪನ್ ಸೋರ್ಸ್ ಕೋಡನ್ನೂ ಬಳಸುತ್ತಾರೆ. ಅದು ತಪ್ಪಲ್ಲ. ಅವುಗಳ ಹಕ್ಕು ನಿಮಗೆ ಬರುವುದಿಲ್ಲ, ಬಳಸುವ ಪರವಾನಗಿ ಬಂದರೆ ಸಾಕು. ಪಟ್ಟಿ ಕೇಳಿ ಇಟ್ಟುಕೊಳ್ಳಿ.

ಕಾಗದದ ಮೇಲಿನ ಹಕ್ಕಿಗಿಂತ ದಿನನಿತ್ಯ ತೊಂದರೆ ಕೊಡುವುದು ಖಾತೆಗಳು. ಡೊಮೇನ್ ಹೆಸರು (ವೆಬ್ ವಿಳಾಸ), ಸರ್ವರ್, ಕೋಡ್ ಇಡುವ ಗಿಟ್‌ಹಬ್, ಪ್ಲೇ ಸ್ಟೋರ್, ಪೇಮೆಂಟ್ ಗೇಟ್‌ವೇ – ಎಲ್ಲವನ್ನೂ ಮೊದಲ ದಿನವೇ ನಿಮ್ಮ ಇಮೇಲ್‌ನಿಂದ, ನಿಮ್ಮ ಫೋನ್ ನಂಬರಿನಿಂದ, ನಿಮ್ಮ ಕಾರ್ಡಿನಿಂದ ತೆರೆಯಿರಿ. ತಂಡದವರಿಗೆ ಅದರೊಳಗೆ ಕೆಲಸ ಮಾಡಲು ಬೇಕಾದ ಅನುಮತಿ ಕೊಡಿ. "ನಾವೇ ಎಲ್ಲ ಮಾಡಿಕೊಡ್ತೀವಿ ಸಾರ್, ನಿಮಗ್ಯಾಕೆ ತಲೆನೋವು" ಅಂದಾಗ ಒಪ್ಪಿಕೊಂಡರೆ ತಲೆನೋವು ಎರಡು ವರ್ಷದ ಮೇಲೆ ಬರುತ್ತದೆ. ತಂಡ ಮುಚ್ಚಿಹೋದರೆ ಡೊಮೇನ್ ಕೂಡ ಕೈತಪ್ಪಬಹುದು.

ಹೆಜ್ಜೆ 6: ಕೆಲಸ ನಡೆಯುವಾಗ

ಕೊಟ್ಟು ಮರೆತುಬಿಡುವಂತಿಲ್ಲ. ನಿಮ್ಮ ಕಡೆಯಿಂದ ಒಬ್ಬರು, ಒಬ್ಬರೇ, ಉತ್ತರ ಹೇಳುವವರು ಇರಬೇಕು. ಅಪ್ಪ ಒಂದು, ಮಗ ಒಂದು, ಮ್ಯಾನೇಜರ್ ಇನ್ನೊಂದು ಹೇಳಿದರೆ ತಂಡ ಮೂರನ್ನೂ ಅರ್ಧ ಮಾಡಿಡುತ್ತದೆ. ಎರಡು ವಾರಕ್ಕೊಮ್ಮೆ ಆಗಿರುವಷ್ಟನ್ನು ಫೋನಿನಲ್ಲಿ ಹಾಕಿಸಿಕೊಂಡು ಒತ್ತಿ ನೋಡಿ. 80 ಪರ್ಸೆಂಟ್ ಆಯ್ತು ಅನ್ನುವ ಮಾತಿಗೆ ಬೆಲೆ ಇಲ್ಲ. ತಡವಾಯಿತು ಅಂತ ಇನ್ನಿಬ್ಬರನ್ನು ಹಾಕಿ ಅನ್ನಬೇಡಿ. ಹೊಸಬರಿಗೆ ಕಲಿಸಲು ಹಳಬರು ಕೂರಬೇಕು, ಕೆಲಸ ಇನ್ನೂ ಹಿಂದೆ ಬೀಳುತ್ತದೆ.

ಪರೀಕ್ಷೆಗೆ ಆಳುಗಳ ನಿಜವಾದ ಆಧಾರ್ ನಂಬರ್, ಬ್ಯಾಂಕ್ ಖಾತೆ ಇರುವ ಪಟ್ಟಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಅಭ್ಯಾಸ ಕೆಟ್ಟದ್ದು. ಗುಟ್ಟು ಕಾಯುವ ಅಗ್ರಿಮೆಂಟ್‌ಗೆ ಸಹಿ ಆಗಿದೆ, ಇನ್ನು ಡೇಟಾ ಅವರ ಜವಾಬ್ದಾರಿ ಅಂತ ತಿಳಿಯಬೇಡಿ. ಹಂತ ಹಂತವಾಗಿ ಜಾರಿಗೆ ಬರುತ್ತಿರುವ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆಯಲ್ಲಿ ಹೊಣೆ ಇರುವುದು ಮಾಹಿತಿ ಯಾತಕ್ಕೆ ಬೇಕು ಅಂತ ತೀರ್ಮಾನಿಸಿದವರ ಮೇಲೆ, ಅಂದರೆ ನಿಮ್ಮ ಮೇಲೆ. ಕೆಲಸವನ್ನು ಯಾರಿಗೆ ಒಪ್ಪಿಸಿದರೂ ಅದು ತಪ್ಪುವುದಿಲ್ಲ. ಪರೀಕ್ಷೆಗೆ ಕಟ್ಟುಹೆಸರು, ಸುಳ್ಳು ನಂಬರ್ ಸಾಕು.

ಹೆಜ್ಜೆ 7: ಒಪ್ಪಿಕೊಳ್ಳುವುದು

ಅರೇಬಿಕಾ ಕೊಯ್ಲು ಸಾಮಾನ್ಯವಾಗಿ ನವೆಂಬರ್‌ಗೆ ಶುರು. ಆ್ಯಪ್ ಅಕ್ಟೋಬರ್‌ಗೇ ಕೈಯಲ್ಲಿರಬೇಕು. ಡಿಸೆಂಬರ್‌ನಲ್ಲಿ ಆಳುಗಳು ಸಾಲುಗಟ್ಟಿ ನಿಂತಿರುವಾಗ ಹೊಸ ಆ್ಯಪ್ ತೆರೆಯುವುದು ಹುಚ್ಚುತನ. ಫ್ಲೈ ಪಿಕಿಂಗ್ ಸಮಯದಲ್ಲಿ ಒಂದು ಬ್ಲಾಕಿನಲ್ಲಿ ಮಾತ್ರ ಪುಸ್ತಕ ಮತ್ತು ಆ್ಯಪ್ ಎರಡರಲ್ಲೂ ಬರೆದು ಬಟವಾಡೆ ಹೊತ್ತಿಗೆ ತಾಳೆ ನೋಡಿ. ಮಾಲೀಕರಲ್ಲ, ರೈಟರೇ ಒತ್ತಬೇಕು. ಅವರದೇ ಹಳೇ ಫೋನಿನಲ್ಲಿ, ಬಿಸಿಲಿನಲ್ಲಿ. ಎಸಿ ರೂಮಿನಲ್ಲಿ ಚೆಂದ ಕಂಡ ತಿಳಿ ಬೂದು ಅಕ್ಷರ ಕಣದಲ್ಲಿ ಕಾಣುವುದೇ ಇಲ್ಲ.

ಲೆಕ್ಕ ತಾಳೆಯಾದ ಮೇಲೆ ಇನ್ನೆರಡು ಪರೀಕ್ಷೆ. ಒಂದು, ಬ್ಯಾಕಪ್‌ನಿಂದ ಎಲ್ಲ ಲೆಕ್ಕವನ್ನು ಮತ್ತೆ ತಂದು ತೋರಿಸಿ ಅನ್ನಿ. ಬ್ಯಾಕಪ್ ಇದೆ ಅನ್ನುವ ಮಾತು ಬೇರೆ, ಅದು ವಾಪಸ್ ಬರುವುದು ಬೇರೆ. ಇನ್ನೊಂದು, ಈ ತಂಡಕ್ಕೆ ಸಂಬಂಧವಿಲ್ಲದ ಯಾರಾದರೂ ಎಂಜಿನಿಯರ್‌ಗೆ ಒಂದು ದಿನದ ಫೀಸು ಕೊಟ್ಟು, ಗಿಟ್‌ಹಬ್‌ನಲ್ಲಿರುವ ಕೋಡ್ ಮತ್ತು ಬರೆದಿಟ್ಟ ಸೂಚನೆ ಮಾತ್ರ ನೋಡಿಕೊಂಡು ಆ್ಯಪನ್ನು ಹೊಸದಾಗಿ ಕಟ್ಟಲು ಹೇಳಿ. ಕಟ್ಟಲು ಸಾಧ್ಯವಾದರೆ ನೀವು ಯಾವ ತಂಡದ ಹಂಗಿನಲ್ಲೂ ಇಲ್ಲ. ಆಗದಿದ್ದರೆ ಏನು ಕೊರತೆ ಅಂತ ಬರೆಸಿಕೊಂಡು ಮೊದಲಿನ ತಂಡಕ್ಕೇ ಕಳಿಸಿ. ಅವರು ಅದನ್ನು ಸರಿಮಾಡುವವರೆಗೂ ಕೊನೆಯ ಕಂತು ನಿಮ್ಮ ಹತ್ತಿರವೇ ಇರಲಿ. ಈ ಷರತ್ತನ್ನು ಅಗ್ರಿಮೆಂಟ್‌ನಲ್ಲೇ ಹಾಕಿಸಿದ್ದರೆ ಆಗ ಜಗಳಕ್ಕೆ ಆಸ್ಪದ ಇರುವುದಿಲ್ಲ.