ವಾರ್ಡಿನಿಂದ ವಕೀಲರ ಆಫೀಸಿಗೆ: ನರ್ಸ್‌ಗಳಿಗೆ ಇನ್ನೊಂದು ದಾರಿ

ದಾವಣಗೆರೆಯಲ್ಲಿ ನರ್ಸಿಂಗ್ ಓದಿದವರಿಗೆ ಮುಂದೇನು ಅಂದರೆ ಗಲ್ಫ್, ಇಲ್ಲಾಂದ್ರೆ ಸರ್ಕಾರಿ ಪೋಸ್ಟು, ಅದೂ ಆಗದಿದ್ದರೆ ಕಾಲೇಜಿನಲ್ಲಿ ಟ್ಯೂಟರ್ ಕೆಲಸ. ನೈಟ್ ಡ್ಯೂಟಿ ಮಾಡಿ ಮಾಡಿ ಸೊಂಟ ಹಿಡಿದುಕೊಂಡ ಸಿಸ್ಟರ್‌ಗಳು, ಬ್ರದರ್‌ಗಳು ನೋಡಬಹುದಾದ ಇನ್ನೊಂದು ಕೆಲಸವಿದೆ: ಲೀಗಲ್ ನರ್ಸ್ ಕನ್ಸಲ್ಟಿಂಗ್. ಆಸ್ಪತ್ರೆಯ ದಾಖಲೆ ಓದಿ, ಯಾವಾಗ ಏನಾಯಿತು ಅಂತ ವಕೀಲರಿಗೆ ಬಿಡಿಸಿ ಹೇಳುವುದು. ಅಮೆರಿಕದಲ್ಲಿ ಇದಕ್ಕೆ 1989ರಿಂದಲೇ ಸಂಘವಿದೆ, ಪರೀಕ್ಷೆಯೂ ಇದೆ. ನಮ್ಮಲ್ಲಿ ಇದಕ್ಕೆ ಲೈಸೆನ್ಸ್ ಅಂತ ಏನೂ ಇಲ್ಲ. ಹಾಗಾಗಿ ಯಾರಾದರೂ 'ಲೈಸೆನ್ಸ್ ಕೊಡಿಸುತ್ತೇವೆ' ಅಂತ ಕೋರ್ಸಿಗೆ ಸಾವಿರಗಟ್ಟಲೆ ಕೇಳಿದರೆ ಸುಮ್ನೆ ದುಡ್ಡು ಕಟ್ಟಬೇಡಿ.

ಕೆಲಸ ಎಲ್ಲಿದೆ? ಮೊದಲನೆಯದು ಗ್ರಾಹಕರ ಆಯೋಗದ ಕೇಸುಗಳು. ದುಡ್ಡು ಕೊಟ್ಟು ಪಡೆದ ಚಿಕಿತ್ಸೆಯೂ ಗ್ರಾಹಕ ಕಾನೂನಿನಡಿ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಎರಡನೆಯದು ಅಪಘಾತದ ಪರಿಹಾರ. ನಮ್ಮ ಚಿತ್ರದುರ್ಗ, ದಾವಣಗೆರೆ ದಾಟಿ ಹೋಗುವ ಹೆದ್ದಾರಿ 48ರ ಅಪಘಾತಗಳಿಂದ ಕೋರ್ಟಿಗೆ ಬರುವ ಫೈಲುಗಳನ್ನು ನೆನೆಸಿಕೊಳ್ಳಿ. ವೂಂಡ್ ಸರ್ಟಿಫಿಕೇಟ್ (ಗಾಯದ ಬಗ್ಗೆ ಡಾಕ್ಟರ್ ಕೊಡುವ ಪತ್ರ), ಸ್ಕ್ಯಾನ್ ರಿಪೋರ್ಟ್, ಡಿಸ್ಚಾರ್ಜ್ ಸಮರಿ, ಬಿಲ್ಲು ಎಲ್ಲಾ ಒಂದರ ಮೇಲೊಂದು ಬಿದ್ದಿರುತ್ತವೆ. ತಲೆಗೆ ಪೆಟ್ಟಾಗಿ ಹಾಸಿಗೆ ಹಿಡಿದವರಿಗೆ ಮುಂದೆ ಎಷ್ಟು ಕ್ಯಾಥೆಟರ್ (ಮೂತ್ರದ ನಳಿಕೆ) ಬೇಕು, ಬೆನ್ನಿಗೆ ಹುಣ್ಣಾಗದಂತೆ ಎಷ್ಟು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು, ಅದಕ್ಕೆ ಒಬ್ಬರು ಸಾಕಾ ಇಬ್ಬರು ಬೇಕಾ, ಇದು ವಕೀಲರಿಗಿಂತ ನಿಮಗೆ ಚೆನ್ನಾಗಿ ಗೊತ್ತು ಅಲ್ವಾ? 2020ರಲ್ಲಿ ಇಂಥದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೋಡಿಕೊಳ್ಳುವವರ ಖರ್ಚನ್ನೂ ಮಲ್ಟಿಪ್ಲೈಯರ್ ಲೆಕ್ಕದಲ್ಲೇ, ಅಂದರೆ ಒಂದು ವರ್ಷದ ಖರ್ಚನ್ನು ವಯಸ್ಸಿಗೆ ತಕ್ಕ ಸಂಖ್ಯೆಯಿಂದ ಗುಣಿಸಿ, ಕೊಡಿಸಿತು. ನಿಮ್ಮ ಒಂದು ಪಟ್ಟಿಯಿಂದ ಒಂದು ಮನೆಗೆ ಸಿಗುವ ಪರಿಹಾರವೇ ಬದಲಾಗಬಹುದು.

ಮೊದಲು ಕಲಿಯಬೇಕಾದ ಕೆಲಸ ಟೈಮ್‌ಲೈನ್ ಬರೆಯುವುದು. ಒಂದು ಉದ್ದ ಟೇಬಲ್ ಮಾಡಿ: ದಿನಾಂಕ, ಗಂಟೆ, ಏನು ಬರೆದಿದೆ, ಬರೆದವರು ಯಾರು, ಫೈಲಿನ ಯಾವ ಪುಟ. ಡಾಕ್ಟರ್ ನೋಟ್ಸ್, ನರ್ಸಸ್ ನೋಟ್ಸ್, ಟಿಪಿಆರ್ ಚಾರ್ಟ್ (ಜ್ವರ, ನಾಡಿ, ಉಸಿರಾಟದ ಪಟ್ಟಿ), ಡ್ರಗ್ ಚಾರ್ಟ್, ಇನ್‌ಟೇಕ್ ಔಟ್‌ಪುಟ್ (ದೇಹದೊಳಗೆ ಹೋದ, ಹೊರಬಂದ ದ್ರವದ ಲೆಕ್ಕ), ಲ್ಯಾಬ್ ರಿಪೋರ್ಟ್ ಎಲ್ಲವನ್ನೂ ಒಂದೇ ಸಾಲಿನಲ್ಲಿ ಗಂಟೆ ಪ್ರಕಾರ ಕೂರಿಸಿ. ಆಗ ನಿಜ ಕಾಣುತ್ತದೆ. ಉದಾಹರಣೆಗೆ, ಆಪರೇಷನ್ ಆದ ರಾತ್ರಿ 10ಕ್ಕೆ ಬಿಪಿ 110/70 ಇದೆ, 2 ಗಂಟೆಗೆ 84/50, ಪಲ್ಸ್ 128, ಅಂದರೆ ಬಿಪಿ ತೀರಾ ಇಳಿದಿದೆ, ನಾಡಿ ಓಡುತ್ತಿದೆ. 2.10ಕ್ಕೆ 'ಡ್ಯೂಟಿ ಡಾಕ್ಟರ್‌ಗೆ ತಿಳಿಸಿದೆ' ಅಂತ ಸಿಸ್ಟರ್ ಬರೆದಿದ್ದಾರೆ, ಡಾಕ್ಟರ್ ಆರ್ಡರ್ ಮಾತ್ರ 3.30ಕ್ಕೆ ಇದೆ. ಈ ನಡುವೆ ಏನಾಯಿತು, 10ರಿಂದ 2ರವರೆಗೆ ಯಾಕೆ ಒಂದು ಎಂಟ್ರಿಯೂ ಇಲ್ಲ? ಬೇರೆ ಬೇರೆ ಹಾಳೆ ತಿರುವುವ ವಕೀಲರಿಗೆ ಇದು ಕಾಣುವುದಿಲ್ಲ. ಡ್ಯೂಟಿ ಬದಲಾಗುವಾಗ ಹ್ಯಾಂಡೋವರ್ ಕೊಟ್ಟು ತಗೊಂಡು ಅಭ್ಯಾಸವಾದ ನಿಮ್ಮ ಕಣ್ಣಿಗೆ ತಕ್ಷಣ ಬೀಳುತ್ತದೆ. ತಿದ್ದಿದ ಗಂಟೆ, ಆಮೇಲೆ ತುರುಕಿದ ಸಾಲು, ಸಹಿ ಇಲ್ಲದ ಕನ್ಸೆಂಟ್ ಫಾರ್ಮ್, ಇವನ್ನೂ ಪುಟ ಸಂಖ್ಯೆ ಸಮೇತ ಬರೆದಿಡಿ.

ಆದರೆ ಟೇಬಲ್ ಒಳಗೆ ನಿಮ್ಮ ಅಭಿಪ್ರಾಯ ಸೇರಿಸಬೇಡಿ, ಪ್ರಶ್ನೆಗಳನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಆಸ್ಪತ್ರೆಗೆ ಅನುಕೂಲವಾದ ಎಂಟ್ರಿಗಳನ್ನೂ ಬಿಡಬೇಡಿ. ಎಲ್ಲಾ ಸರಿಯಾಗಿಯೇ ನಡೆದಿದ್ದರೆ 'ಈ ಕೇಸಿನಲ್ಲಿ ಹುರುಳಿಲ್ಲ' ಅಂತ ಮೊದಲೇ ಹೇಳುವುದೂ ನಿಮ್ಮ ಕೆಲಸವೇ, ನನ್ನ ಪ್ರಕಾರ ಅದೇ ದೊಡ್ಡ ಕೆಲಸ. ನೊಂದ ಮನೆಯವರು ವರ್ಷಗಟ್ಟಲೆ ಕೋರ್ಟಿಗೆ ಅಲೆಯುವುದು ತಪ್ಪುತ್ತದೆ.

ಡಾಕ್ಟರ್ ತಪ್ಪು ಮಾಡಿದರು ಅಂತ ತೀರ್ಪು ಕೊಡುವುದು ನಿಮ್ಮ ಕೆಲಸವಲ್ಲ. ಡಾಕ್ಟರ್ ಮೇಲೆ ಕ್ರಿಮಿನಲ್ ದೂರು ಹಾಕಬೇಕಾದರೆ ಇನ್ನೊಬ್ಬ ಸಮರ್ಥ ಡಾಕ್ಟರ ಅಭಿಪ್ರಾಯ ಬೇಕು ಅಂತ 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳುತ್ತದೆ. ನಿಮ್ಮ ಟಿಪ್ಪಣಿ ಅದರ ಜಾಗ ತುಂಬುವುದಿಲ್ಲ. ಆ ಡಾಕ್ಟರ್ ಯಾವ ಪುಟ ನೋಡಬೇಕು ಅನ್ನುವುದನ್ನು ತೋರಿಸುತ್ತದೆ ಅಷ್ಟೇ.

ಕಾನೂನಿನಲ್ಲಿ ಕೆಲವು ವಿಷಯ ಬಾಯಿಪಾಠ ಇರಲಿ. ಒಳರೋಗಿಯ ದಾಖಲೆಯನ್ನು ರೋಗಿ ಅಥವಾ ಅವರು ಒಪ್ಪಿಗೆ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು, ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟಿರಬೇಕು. ಇದು 2002ರ ವೈದ್ಯರ ನಡವಳಿಕೆ ನಿಯಮ. ಗ್ರಾಹಕರ ಆಯೋಗಕ್ಕೆ ಸಾಮಾನ್ಯವಾಗಿ 2 ವರ್ಷದೊಳಗೆ ಹೋಗಬೇಕು. ನಿಮ್ಮ ಹತ್ತಿರ ಯಾರಾದರೂ ಕೇಳಿಕೊಂಡು ಬಂದರೆ ಮೊದಲು ದಾಖಲೆಗೆ ಅರ್ಜಿ ಕೊಡಿಸಿ, ಮಿಕ್ಕಿದ್ದು ಆಮೇಲೆ.

ಫೀಸು ಗಂಟೆಗಿಷ್ಟು ಅಥವಾ ಫೈಲಿಗಿಷ್ಟು ಅಂತ ಮೊದಲೇ ಕಾಗದದ ಮೇಲೆ ಮಾತಾಡಿಕೊಳ್ಳಿ. ಗೆದ್ದ ಪರಿಹಾರದಲ್ಲಿ ಪಾಲು ಅಂದರೆ ಒಪ್ಪಲೇಬೇಡಿ. ವಕೀಲರಲ್ಲದವರ ಜೊತೆ ವಕೀಲರು ಫೀಸು ಹಂಚಿಕೊಳ್ಳುವಂತಿಲ್ಲ, ಬಾರ್ ಕೌನ್ಸಿಲ್ ನಿಯಮವೇ ಹಾಗಿದೆ. ಕೇಸ್ ಗೆದ್ದರೆ ಮಾತ್ರ ನಿಮಗೆ ದುಡ್ಡು ಅಂತಾದರೆ ನಿಮ್ಮ ಟೈಮ್‌ಲೈನನ್ನು ಯಾರು ನಂಬುತ್ತಾರೆ?

ನಮ್ಮೂರಿಗೆ ಸೇರಿದ ಒಂದು ಕಷ್ಟವೂ ಇದೆ. ಇಲ್ಲಿನವರೆಲ್ಲ ಹೆಚ್ಚುಕಡಿಮೆ ಅದೇ ನಾಲ್ಕಾರು ಆಸ್ಪತ್ರೆಗಳಲ್ಲಿ ಓದಿ ಕೆಲಸ ಮಾಡಿದವರು. ನೀವು ಕೆಲಸ ಮಾಡಿದ ಆಸ್ಪತ್ರೆಯ ಫೈಲ್ ಬಂದರೆ ಮುಟ್ಟದೆ ವಾಪಸ್ ಕೊಡಿ. ಹಳೇ ಸಹೋದ್ಯೋಗಿಗೆ ಫೋನ್ ಮಾಡಿ 'ಆ ಪೇಷೆಂಟ್ ಕೇಸ್ ಶೀಟ್ ಒಂದು ಫೋಟೋ ಕಳಿಸು' ಅಂತ ಯಾವತ್ತೂ ಕೇಳಬೇಡಿ, ಅವರ ಕೆಲಸವೂ ಹೋಗುತ್ತದೆ, ನಿಮ್ಮ ಹೆಸರೂ ಹೋಗುತ್ತದೆ. ಬೇರೆ ಜಿಲ್ಲೆಯ ಕೇಸುಗಳನ್ನು ತಗೊಂಡರೆ ಈ ತೊಂದರೆ ಕಡಿಮೆ.

ಎಲ್‌ಎಲ್‌ಬಿ ಬೇಕೇ? ಈ ಕೆಲಸಕ್ಕೆ ಕಡ್ಡಾಯವಲ್ಲ. ಮಾಡುವ ಮನಸ್ಸಿದ್ದರೆ ಬಿಎಸ್‌ಸಿ ನರ್ಸಿಂಗ್ ಆದವರು ಮೂರು ವರ್ಷದ ಕೋರ್ಸಿಗೆ ಸೇರಬಹುದು, ದಾವಣಗೆರೆಯಲ್ಲೇ ಆರ್.ಎಲ್. ಕಾನೂನು ಕಾಲೇಜಿದೆ. ಬರೀ ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ) ಆಗಿದ್ದರೆ ಅದು ಡಿಪ್ಲೊಮಾ, ಮೊದಲು ಜಿಎನ್‌ಎಂ ಆದವರಿಗಾಗಿಯೇ ಇರುವ ಪೋಸ್ಟ್ ಬೇಸಿಕ್ ಬಿಎಸ್‌ಸಿ ಡಿಗ್ರಿ ಮುಗಿಸಿಕೊಳ್ಳಿ.

ಶುರು ಮಾಡಲು ಅಪಘಾತದ ಕೇಸು ನಡೆಸುವ ಒಬ್ಬ ವಕೀಲರ ಹತ್ತಿರ ಹೋಗಿ, 'ಕಕ್ಷಿದಾರರ ಒಪ್ಪಿಗೆ ತಗೊಂಡು ಒಂದು ಫೈಲ್ ಕೊಡಿ ಸಾರ್, ಟೈಮ್‌ಲೈನ್ ಮಾಡಿ ತೋರಿಸುತ್ತೇನೆ' ಅಂತ ಕೇಳಿ. ಶಾರ್ಟ್ ಫಾರ್ಮ್‌ಗಳನ್ನೆಲ್ಲ ಸರಳ ಕನ್ನಡದಲ್ಲಿ ಬಿಡಿಸಿ ಬರೆದು ಕೊಡಿ. ಫೈಲುಗಳು ತಾವಾಗಿ ಬರಲು ಶುರುವಾಗುವವರೆಗೆ ಡ್ಯೂಟಿ ಬಿಡಬೇಡಿ, ಬಿಟ್ಟ ಮೇಲೂ ನರ್ಸಿಂಗ್ ಕೌನ್ಸಿಲ್ ನೋಂದಣಿಯನ್ನು ನವೀಕರಿಸುತ್ತಲೇ ಇರಿ. ಎದುರು ಕಡೆಯ ವಕೀಲರು ನಿಮ್ಮ ಬಗ್ಗೆ ಮೊದಲು ಕೇಳುವುದು ಅದನ್ನೇ.